ಕಬ್ಬಿಣ ಇಲ್ಲದ ಜಾಗ

ಡಿಫೈಯನ್ಸ್ ಕೌಂಟಿ, ಓಹಾಯೊ
ಶುಕ್ರವಾರ, 12 ಸೆಪ್ಟೆಂಬರ್ 1997

ಗ್ಯಾರೇಜಿನಲ್ಲಿ ಬಿಡಾರ ಹೂಡಿರುವ ನನ್ನ ಗಂಡ ಹಾರ್ಲನ್‌ಗೆ,

ಸಿಟ್ಟು ಇನ್ನೂ ಇಳಿದಿಲ್ಲ, ಆದರೂ ಆರೋಗ್ಯ ವಿಚಾರಿಸುತ್ತಿದ್ದೇನೆ. ಕೆಮ್ಮು ಹೇಗಿದೆ? ಬಣ್ಣದ ವಾಸನೆ ಕುಡಿಯುತ್ತಾ ಮಡಚುವ ಮಂಚದ ಮೇಲೆ ಮಲಗುವವನಿಗೆ ಕೆಮ್ಮು ಬರದೆ ಇನ್ನೇನು ಬರುತ್ತದೆ? ಒಂದೇ ಅಂಗಳದಲ್ಲಿದ್ದುಕೊಂಡು ಗಂಡನಿಗೆ ಕಾಗದ ಬರೆಯುವುದು ನನಗೂ ನಾಚಿಕೆಯೇ. ಆದರೆ ಎದುರಿಗೆ ಬಂದು ನಿಂತರೆ ನೀನು ಕಬ್ಬಿಣ ಉಜ್ಜುವ ಗ್ರೈಂಡರ್ ಚಾಲೂ ಮಾಡುತ್ತೀಯ. ನನ್ನ ಬಾಯಿ ದೊಡ್ಡದು ಎನ್ನುತ್ತೀಯಲ್ಲ, ಅದರ ಬಾಯಿ ಇನ್ನೂ ದೊಡ್ಡದು. ಹಾಗಾಗಿ ಈ ಲಕೋಟೆಯನ್ನು ಊಟದ ಡಬ್ಬಿಯ ಜೊತೆ ಇಡುತ್ತಿದ್ದೇನೆ. ಊಟ ಆರಿದರೂ ಪರವಾಗಿಲ್ಲ, ಇದನ್ನು ಮೊದಲು ಓದು.

ನಾಳೆಯ ಪಂದ್ಯದಲ್ಲಿ ನಮ್ಮ ಮಗಳು ಟೆಸ್ ಆ ಕಾರನ್ನು ಓಡಿಸಬಾರದು.

ನಿನ್ನ ಅರವತ್ತೆಂಟರ ಪಾಂಟಿಯಾಕ್ ಕಾರಿಗೆ ದೊಡ್ಡ ಇಂಜಿನ್ ಕೂರಿಸುತ್ತೇನೆ ಎಂದಾಗ ನಾನು ಬೇಡವೆಂದೆನಾ? ಇಲ್ಲ. "ಇಂಜಿನ್ ಒಂದೇ ಕಣೇ, ಈಸ್ಟರ್‌ಗೆ ಮುಂಚೆ ಮುಗ್ದೋಗತ್ತೆ" ಅಂತ ನೀನೇ ಅಂದಿದ್ದೆ. ಇಂಜಿನ್ ಬಂದು ಕೂತದ್ದೇ ತಡ, ಹಳೆಯ ಗೇರ್‌ಬಾಕ್ಸ್ ಅದರ ರಭಸಕ್ಕೆ ಹಲ್ಲುದುರಿಸಿಕೊಂಡಿತು. ಹೊಸ ಗೇರ್‌ಬಾಕ್ಸಿಗೆ ಜಾಗ ಸಾಲಲಿಲ್ಲವೆಂದು ಕಾರಿನ ನೆಲ ಕತ್ತರಿಸಿದೆ, ಶಾಫ್ಟು ಮೋಟು ಮಾಡಿಸಿದೆ. ಆಮೇಲೆ ಹಿಂದಿನ ಆಕ್ಸಲ್ ಮುರಿಯಿತು. ಆಮೇಲೆ ನೀರು ಕುದಿಯಿತು, ಹೊಸ ರೇಡಿಯೇಟರ್. ಓಡಿದರೆ ಸಾಲದು, ನಿಲ್ಲಲೂ ಬೇಕಲ್ಲ ಎಂದು ಹೊಸ ಬ್ರೇಕು. ಆ ಬ್ರೇಕು ಹಳೆಯ ಚಕ್ರದೊಳಗೆ ಕೂರಲಿಲ್ಲವೆಂದು ಹೊಸ ಚಕ್ರ. ಮನೆಯ ಸೂರಿನ ರಿಪೇರಿಗೆ ಎತ್ತಿಟ್ಟಿದ್ದ ದುಡ್ಡು ಹೋಯಿತು, ನಿನ್ನ ದೋಣಿ ಹೋಯಿತು. ನಾನು ಅಕ್ಕನ ಮನೆಗೆ ಹೋಗಿದ್ದ ದಿನ ನೋಡಿಕೊಂಡು ನಮ್ಮಮ್ಮನ ಪಿಯಾನೊ ಕೂಡ ಹೋಯಿತು. ನೀನು ಗ್ಯಾರೇಜಿಗೆ ಮಂಚ ಸಾಗಿಸಿದ್ದು ಆ ವಾರವೇ. ಪಿಯಾನೊ ಜಗಳವನ್ನು ಇಲ್ಲಿ ತೆಗೆಯುವುದಿಲ್ಲ. ಅದನ್ನು ಬಿಟ್ಟಿದ್ದೇನೆ ಎಂದೂ ತಿಳಿಯಬೇಡ.

ಈಗ ಹೇಳಬೇಕಾದದ್ದು ಬಾಗಿಲಿನ ವಿಷಯ. ಮಂಗಳವಾರ ನೀನು ಕಾರನ್ನು ಜಾಕ್ ಕೊಟ್ಟು ಎತ್ತಿದ್ದೆ. ಡ್ರೈವರ್ ಕಡೆಯ ಬಾಗಿಲು ತೆರೆದಿತ್ತು. ಮುಚ್ಚಲು ಹೋದರೆ ಕೆಳಗಿನ ಅಂಚಿಗೆ ಬಡಿದು ನಿಂತಿತು. ನೀನು ಜಾಕ್ ಇಳಿಸಿದ ಮೇಲೆ ಅದೇ ಬಾಗಿಲು ಗಪ್ಪನೆ ಕೂತಿತು. ಗಟ್ಟಿ ಕಾರಿನ ಬಾಗಿಲು ಎತ್ತಿದರೂ ಇಳಿಸಿದರೂ ಒಂದೇ ಥರ ಮುಚ್ಚಬೇಕಲ್ಲವೇ? ನೀನು ಸಾಮಾನು ತರಲು ಪೇಟೆಗೆ ಹೋದಾಗ ಫ್ರಿಜ್ಜಿನ ಮೇಲಿದ್ದ ಹುಂಜದ ಅಯಸ್ಕಾಂತ ತಂದು ಬಾಗಿಲ ಕೆಳಗಿರುವ ಬಾಡಿಯ ಅಂಚಿಗೆ ಇಟ್ಟೆ. ಜಾರಿ ಬಿತ್ತು. ಒಂದು ಗೇಣು ಆಚೆ ಇಟ್ಟೆ, ಮತ್ತೆ ಬಿತ್ತು. ಮುಂದಿನ ಚಕ್ರದಿಂದ ಹಿಂದಿನ ಚಕ್ರದವರೆಗೆ ಎಲ್ಲೂ ಅಂಟಲಿಲ್ಲ. ಬಣ್ಣ ಮಾತ್ರ ನನ್ನ ಮುಖ ಕಾಣುವಷ್ಟು ಹೊಳೆಯುತ್ತಿತ್ತು. ಅದರ ಕೆಳಗೆ ಕಬ್ಬಿಣವೇ ಇರಲಿಲ್ಲ.

ಸೀದಾ ಗಸ್ ಪೆಟ್ಕೊನ ವೆಲ್ಡಿಂಗ್ ಅಂಗಡಿಗೆ ಹೋದೆ. ಅವನು ಮುಖ ಕೊಟ್ಟು ಮಾತಾಡಲೇ ಇಲ್ಲ. "ನಿನ್ ಗಂಡಂಗೆ ಬೇಸಿಗೇಲೇ ಹೇಳಿದ್ನಲ್ಲಮ್ಮ. ಅಡೀಲೆಲ್ಲಾ ತುಕ್ಕು ತಿಂದ್ಹಾಕಿದೆ, ಅದ್ರ ಮೇಲೆ ಅಷ್ಟ್ ದೊಡ್ ಇಂಜಿನ್ನು. ಆಕ್ಸಿಲೇಟರ್ ಜೋರಾಗಿ ಒತ್ತಿದ್ರೆ ಬಾಡಿ ಒದ್ದೆ ಬಟ್ಟೆ ಹಿಂಡ್ದಂಗೆ ತಿರುಚ್ಕೊಳತ್ತೆ. ಎಲ್ಲಾ ಬಿಚ್ಚು, ಕೊಳೆತಿದ್ದು ಕತ್ತರ್ಸಿ ಹೊಸ ತಗಡು ಹಾಕೋಣ, ಮುಂದಿಂದ ಹಿಂದಕ್ಕೆ ಎರಡು ಕಬ್ಬಿಣದ ಪಟ್ಟಿ ಬೆಸೆಯೋಣ ಅಂದೆ. ಎಷ್ಟಾಗತ್ತೆ ಅಂದ, ಹೇಳ್ದೆ. ನಕ್ಕ. ಎದುರುಗಡೆ ಅಂಗಡೀಲಿ ತೂತಿಗೆ ಮೆತ್ತೋ ಪುಟ್ಟಿ ಡಬ್ಬ ತಗೊಂಡು ಹೋದ" ಎಂದ.

ಕಾಣುವ ಕಡೆಗೆಲ್ಲ ನೀನು ದುಡ್ಡು ಸುರಿದೆ, ಸದ್ದು ಮಾಡುವ ಕಡೆಗೆಲ್ಲ ಸುರಿದೆ. ಯಾರೂ ಬಗ್ಗಿ ನೋಡದ ಜಾಗಕ್ಕೆ ಬರುವ ಹೊತ್ತಿಗೆ ನಿನ್ನ ಕೈ ಬರಿದಾಗಿತ್ತು. ಅದನ್ನು ಹೇಳಿಕೊಳ್ಳಲು ನಿನಗೆ ಮುಖವಿರಲಿಲ್ಲ. ನಿನ್ನನ್ನು ನಾನು ಬಲ್ಲೆ ಕಣೋ. ಫ್ಯಾಕ್ಟರಿ ಮುಚ್ಚಿದ ಮೇಲೂ ತಿಂಗಳುಗಟ್ಟಲೆ ಊಟದ ಡಬ್ಬಿ ಹಿಡಿದು ಕೆಲಸಕ್ಕೆ ಹೊರಟವನಲ್ಲವೇ ನೀನು? ಆಗ ನಿನ್ನ ಮೇಲೆ ಅಯ್ಯೋ ಅನ್ನಿಸಿತ್ತು. ಈಗ ಹೆದರಿಕೆ ಆಗುತ್ತಿದೆ.

ಟೆಸ್‌ಗೆ ನಾನೇ ಹೇಳಿ ನೋಡಿದೆ. "ಅಮ್ಮಾ, ನಿಂಗೆ ಪಿಯಾನೊ ಸಿಟ್ಟು. ಅಪ್ಪ ಬೇಡ ಅನ್ಲಿ, ಈಗ್ಲೇ ಹೆಲ್ಮೆಟ್ ವಾಪಸ್ ಕೊಟ್ ಬರ್ತೀನಿ" ಎಂದಳು. ಹಾಲಿನ ಲಾರಿಯ ಕೆಲಸಕ್ಕೆ ರಜೆ ಹಾಕಿದ್ದಾಳೆ, ಕಾಲು ಮೈಲಿ ಕಾರ್ ಓಟಕ್ಕೆ ಹೆಸರು ಕೊಟ್ಟಿದ್ದಾಳೆ. ನಾಳೆ ನೀನು ಬೇಲಿಯ ಪಕ್ಕ ನಿಂತಿರುತ್ತೀಯ. ಹಸಿರು ದೀಪ ಬಿದ್ದ ಮೇಲೆ ನೀನು ಎಷ್ಟು ಕೂಗಿದರೂ ಅವಳಿಗೆ ಕೇಳಿಸುವುದಿಲ್ಲ. ಅವಳು ನಂಬುವುದು ನಿನ್ನೊಬ್ಬನ ಮಾತನ್ನು. ಕಾರು ಸಿದ್ಧವಿಲ್ಲ, ತಪ್ಪು ನನ್ನದು ಎಂದು ಅವಳೆದುರು ಒಂದು ಸಲ ಹೇಳಿಬಿಡು. ಕಾರು ಮಾರು ಎಂದು ನಾನು ಕೇಳುವುದಿಲ್ಲ. ಬೇಕಾದರೆ ಗಸ್‌ಗೆ ಕೊಡಲು ನನ್ನ ಉಂಗುರ ಬಿಚ್ಚಿ ಕೊಡುತ್ತೇನೆ. ಮಗಳ ಜೀವ ಪಣಕ್ಕಿಡಬೇಡ, ಕೈ ಮುಗಿಯುತ್ತೇನೆ.

ಇಂತಿ,
ಇನ್ನೂ ನಿನ್ನ ಹೆಂಡತಿಯೇ ಆಗಿರುವ
ರೋವೀನಾ

ತಾ.ಕ.: ಕಾರು ಸ್ಟಾರ್ಟ್ ಆಗದಿದ್ದರೆ ತಲೆ ಕೆರೆದುಕೊಳ್ಳಬೇಡ. ಇಂಜಿನ್ನಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಮುಚ್ಚಳದೊಳಗಿನ ರೋಟರ್ ನನ್ನ ಏಪ್ರನ್ ಜೇಬಿನಲ್ಲಿದೆ. ಹೆಬ್ಬೆರಳಿನಷ್ಟಿದ್ದರೂ ಅದಿಲ್ಲದೆ ನಿನ್ನ ದೈತ್ಯ ಉಸಿರೆತ್ತುವುದಿಲ್ಲ. ಬೇಕಿದ್ದರೆ ಅಡುಗೆಮನೆಗೆ ಬಂದು ಬಾಯಿಬಿಟ್ಟು ಕೇಳು.

*

ಶನಿವಾರ ಬೆಳಿಗ್ಗೆ

ರೋವೀನಾ,

ನಿನ್ನ ಕಾಗದದ ಹಿಂಬದಿಯಲ್ಲೇ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಗಾಬರಿಯಾಗಬೇಡ. ಎಡ ಭುಜದ ಮೂಳೆ ಮುರಿದಿದೆ, ಕಾಗದ ಒತ್ತಿ ಹಿಡಿಯಲು ಆ ಕೈ ಏಳುತ್ತಿಲ್ಲ, ಬೇರೇನಿಲ್ಲ. ಗಸ್ ನನ್ನನ್ನು ಆಸ್ಪತ್ರೆಗೆ ಬಿಟ್ಟು ಇದನ್ನು ನಿನಗೆ ತಲುಪಿಸುತ್ತಾನೆ.

ನಿನ್ನೆ ಲಕೋಟೆ ನೋಡಿ ಮತ್ತೆ ಪಿಯಾನೊ ಪುರಾಣ ಎಂದುಕೊಂಡು ಓದದೆ ಜೇಬಿಗೆ ತುರುಕಿದೆ. ಬೆಳಿಗ್ಗೆ ನೋಡಿದರೆ ರೋಟರ್ ಇಲ್ಲ. ಟೆಸ್ ಒರೆಸಲು ತೆಗೆದಿರಬೇಕು ಎಂದುಕೊಂಡು ಡ್ರಾಯರಿನಲ್ಲಿದ್ದ ಇನ್ನೊಂದನ್ನು ಹಾಕಿದೆ. ಯಾವ ಕಾರಿನವನೂ ಅದನ್ನು ಒಂದೇ ಇಟ್ಟುಕೊಳ್ಳುವುದಿಲ್ಲ, ನಿನಗೆ ಅದು ಗೊತ್ತಿರಲಿಲ್ಲ.

ನನಗೂ ಒಳಗೊಳಗೇ ಅಳುಕಿತ್ತು. ಅವಳನ್ನು ಕೂರಿಸುವ ಮೊದಲು ನಾನೊಬ್ಬನೇ ಆಕ್ಸಿಲರೇಟರ್ ಪೂರ್ತಿ ಒತ್ತಿ ನೋಡೋಣ ಎಂದು ಜೋಳದ ಹೊಲಗಳ ನಡುವಿನ ನೇರ ರಸ್ತೆಗೆ ಹೋದೆ. ಎರಡನೇ ಗೇರಿನಲ್ಲಿ ಒತ್ತಿದೆ. ಕೆಳಗಿನಿಂದ ಏನೋ ಕಿರ್ರೆಂದಿತು, ಬಾಗಿಲು ತಾನಾಗಿ ಹಾರಿ ತೆರೆಯಿತು. ಹಿಡಿಯಲು ಹೋದೆ, ಕಾರು ಕೈತಪ್ಪಿತು. ಈಗ ಅದು ಜೋಳದ ನಡುವೆ ಬಿದ್ದಿದೆ. ದಾರಿಯಲ್ಲಿ ಬಂದ ರೈತನೊಬ್ಬನ ಕೈಲಿ ಗಸ್‌ಗೆ ಹೇಳಿ ಕಳಿಸಿ, ಅವನು ಬರುವವರೆಗೆ ಅದರ ಪಕ್ಕದಲ್ಲೇ ಕೂತು ನಿನ್ನ ಕಾಗದ ಓದಿದೆ.

ನೀನು ಬರೆದದ್ದೆಲ್ಲ ನಿಜ. ಪುಟ್ಟಿ ಮೆತ್ತಿದವನು ನಾನೇ. ಟೆಸ್‌ಗೆ ನೀನು ಏನೂ ಹೇಳಬೇಡ, ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಬಾ. ನಾನೇ ಹೇಳುತ್ತೇನೆ.

ಹಾರ್ಲನ್

ತಾ.ಕ.: ಅವಳಿಗೆಂದು ಕೊಂಡಿದ್ದ ಹೊಸ ಸೀಟ್ ಬೆಲ್ಟ್ ಹಾಕಿಕೊಂಡಿದ್ದೆ. ಅದರ ಬೋಲ್ಟು ನೆಲದಿಂದ ಪುಟ್ಟಿ ಸಮೇತ ಕಿತ್ತು ಬಂತು. ತೆರೆದ ಬಾಗಿಲಿನಿಂದ ನಾನು ಆಚೆ ಬೀಳದೆ ಉಳಿದದ್ದು ಈ ದೊಡ್ಡ ಹೊಟ್ಟೆ ಸ್ಟಿಯರಿಂಗಿನ ಹಿಂದೆ ಸಿಕ್ಕಿಕೊಂಡದ್ದರಿಂದ. ಟೆಸ್ ನಿನ್ನ ಹಾಗೆ ಸಣಕಲು, ರೋವೀನಾ.