ತಮ್ಮ ‘ಈಗ’ ಎಷ್ಟು ಗಂಟೆಯದು?

ಫೋನಿನ ಆ ಕಡೆ ಇರಬೇಕಾಗಿದ್ದ ಫೆರಿ ಕಚೇರಿಯ ಮಾನ್ಯರೇ,

ಸೆಪ್ಟೆಂಬರ್ ಒಂಬತ್ತರ ಬೆಳಿಗ್ಗೆ ತಮ್ಮ ಫೆರಿ ನಮ್ಮ ದ್ವೀಪಕ್ಕೆ ಬಂದು, ಹತ್ತು ನಿಮಿಷ ನಿಂತು, ಖಾಲಿ ಹೋಯಿತು. ಅದೇ ಹೊತ್ತಿಗೆ ತಮ್ಮ ಫೋನು ನನಗೆ “ಫೆರಿ ಪ್ರಸ್ತುತ ಸಂಚರಿಸುತ್ತಿಲ್ಲ” ಎಂದು ಹೇಳುತ್ತಿತ್ತು. ಐದು ಗಂಟೆಯಿಂದ ಏಳರ ತನಕ ಮೂರು ಸಲ ಕೇಳಿದೆ, ಮೂರು ಸಲವೂ ಅದೇ ಹೆಣ್ಣುದನಿ, ಅದೇ ನಯ. ಫೆರಿ ನಿಲ್ಲುವ ಧಕ್ಕೆ ಇರುವುದು ದ್ವೀಪದ ಇನ್ನೊಂದು ತುದಿಯಲ್ಲಿ, ಹೊರಗೆ ಮಂಜು. ಕೋಟು ಹಾಕಿಕೊಂಡು ಸಿದ್ಧನಾಗಿದ್ದ ನನ್ನಣ್ಣ ಲಿಯಾಂಡರ್‌ಗೆ “ಬೂಟು ಬಿಚ್ಚಿ ಕೂತ್ಕೋ ಅಣ್ಣ” ಎಂದವಳು ನಾನೇ.

ಅಂದು ಅವನ ಎಡಗಣ್ಣಿಗೆ ಶಸ್ತ್ರಚಿಕಿತ್ಸೆ ಇತ್ತು. ಏಳು ತಿಂಗಳು ಕಾದು ಸಿಕ್ಕಿದ್ದ ದಿನ. ಬಲಗಣ್ಣು ಹೋಗಿ ವರ್ಷವಾಯಿತು.

ಮರುದಿನ ಅಂಗಡಿಯಲ್ಲಿ ತಮ್ಮ ಫೆರಿಯ ಹಗ್ಗ ಕಟ್ಟುವ ಸೆಲ್ಬಿ ಸಿಕ್ಕ.

“ಏನು ವಿನ್ನಿ ಅತ್ತೆ, ನಿನ್ನೆ ಊರೋರೆಲ್ಲ ಎಲ್ಲಿ ಹೋಗಿದ್ರಿ? ಹತ್ತಿದ್ದು ಒಂದು ಕಡಲಹಕ್ಕಿ, ಅದೂ ಟಿಕೆಟ್ ಇಲ್ದೆ.”

“ಫೋನಲ್ಲಿ ಫೆರಿ ಇಲ್ಲ ಅಂತಿತ್ತಲ್ಲೋ.”

“ಅಯ್ಯೋ, ಅದು ಮೊನ್ನೆ ಗಾಳಿ ಎದ್ದಾಗಿಂದು. ಆಫೀಸ್ನೋರು ಮನೆಗೆ ಹೋಗೋವಾಗ ಹಾಕಿಟ್ಟು ಹೋಗಿದ್ದು. ಬದಲಾಯ್ಸೋರು ಬರೋದೇ ಹತ್ತು ಗಂಟೆಗೆ.”

ನಾನು ಶಾಲೆ ಕಲಿತದ್ದು ನಾಲ್ಕನೆಯ ತರಗತಿಯ ತನಕ. ನಮ್ಮ ಇಂಗ್ಲಿಷಿನಲ್ಲಿ ಈಗ ಅನ್ನಲು ‘ನೌ’ ಎಂಬ ತುಂಡು ಮಾತು ಸಾಕು. ಆಡಿದವನು ಎದುರಿಗೇ ಇರುತ್ತಾನೆ, ಸುಳ್ಳಾದರೆ ಕಿವಿ ಹಿಂಡಬಹುದು. ತಾವು ಅದಕ್ಕೆ ಇಸ್ತ್ರಿ ಹಾಕಿ ‘ಕರೆಂಟ್ಲಿ’, ಅಂದರೆ ಪ್ರಸ್ತುತ, ಅನ್ನುತ್ತೀರಿ. ಆಸ್ಪತ್ರೆಯವರು ‘ಅಟ್ ದಿಸ್ ಟೈಮ್’ ಅನ್ನುತ್ತಾರೆ. ಯಾರ ಈ ಹೊತ್ತು ಸ್ವಾಮಿ? ಹೇಳಿದವರದೋ, ಕೇಳಿದವರದೋ? ವಾಕ್ಯದ ನಡುವೆ ಈ ಮಾತನ್ನು ಕೂರಿಸಿ ತಾವು ಮನೆಗೆ ಹೋಗಬಹುದು. ಅದು ಮಾತ್ರ ಅಲ್ಲೇ ಕೂತು ರಾತ್ರಿಯೆಲ್ಲ ‘ಈಗ, ಈಗ’ ಅನ್ನುತ್ತಿರುತ್ತದೆ.

ನಮ್ಮಪ್ಪ ಮೂವತ್ತು ವರ್ಷ ಧಕ್ಕೆ ನೋಡಿಕೊಂಡವನು. ಅಲ್ಲೊಂದು ಕರಿಹಲಗೆ ಇತ್ತು. ‘ಈಗ ಈಶಾನ್ಯ ಗಾಳಿ’ ಎಂದು ಬರೆದರೆ ಪಕ್ಕದಲ್ಲೇ ಗಂಟೆ, ಕೆಳಗೆ ಹೆಸರು. ಗಾಳಿ ತಿರುಗಿದೊಡನೆ ತೋಳಿನಿಂದ ಒರೆಸುತ್ತಿದ್ದ. ಬರೆದು ಎರಡು ಗಂಟೆ ದಾಟಿದ್ದನ್ನು ಯಾರೂ ನಂಬುತ್ತಿರಲಿಲ್ಲ. ಒಮ್ಮೆ ಅಪ್ಪನ ಕೈಕೆಳಗಿದ್ದ ಹ್ಯೂಬರ್ಟ್ ‘ಈಗ ಬಂದೆ’ ಎಂದಷ್ಟೇ ಗೀಚಿ ಟೀ ಕುಡಿಯಲು ಹೋದವನು ಬಂದದ್ದು ಸಂಜೆಗೆ. ಸಾಯುವ ತನಕ ಅವನು ‘ಈಗ ಬಂದೆ ಹ್ಯೂಬರ್ಟ್’ ಆಗಿಯೇ ಉಳಿದ. ಎರಡು ವರ್ಷದ ಹಿಂದೆ ಫೋನಿನ ಸೌಕರ್ಯ ಬಂತೆಂದು ತಾವು ಆ ಹಲಗೆ ಕಿತ್ತಿರಿ. ಇನ್ನು ಅದರ ಅಗತ್ಯವಿಲ್ಲ ಅಂದಿರಿ. ನಾವೂ ತಲೆಯಾಡಿಸಿದೆವು. ಗಂಟೆಯಿಲ್ಲದ, ಹೆಸರಿಲ್ಲದ ಮಾತನ್ನು ನಂಬಿದ್ದು ಅಪ್ಪನ ಮಗಳಾಗಿ ನನ್ನ ತಪ್ಪೇ.

ಆಸ್ಪತ್ರೆಗೆ ಫೋನು ಮಾಡಿದೆ. “ಬರ್ಲಿಲ್ಲ ಅಂತ ಬರ್ಕೊಂಡಿದೀವಿ ಅಮ್ಮ. ಸದ್ಯಕ್ಕೆ ಬೇರೆ ತಾರೀಖು ಇಲ್ಲ,” ಎಂದಳು ಅಲ್ಲಿಯ ಹುಡುಗಿ. “ಸದ್ಯ ಅಂದ್ರೆ ಎಲ್ಲಿ ತನಕ ಮಗಳೇ?” ಅಂದೆ. ಪಾಪ, ದನಿ ತಗ್ಗಿಸಿದಳು: “ತಪ್ಪು ನಮ್ದೇ ಅಂತ ಫೆರಿಯೋರು ಬರ್ಕೊಟ್ರೆ ಹಳೇ ಸರದಿ ವಾಪಸ್ ಸಿಗುತ್ತೆ. ಇಲ್ಲಾಂದ್ರೆ ಪಟ್ಟಿ ಕೊನೇಲಿ.”

ಆ ಸಂಜೆಯೇ ತಮಗೆ ಬರೆದೆ. ಉತ್ತರ ಬಂತು: ‘ತಮ್ಮ ಮನವಿ ಪ್ರಸ್ತುತ ಪರಿಶೀಲನೆಯಲ್ಲಿದೆ.’ ತಾರೀಖಿಲ್ಲ, ಸಹಿಯಿಲ್ಲ. ಐದು ವಾರವಾಯಿತು. ಪರಿಶೀಲನೆ ಈಗಲೂ ನಡೆದಿದೆಯೇ, ಇಲ್ಲ ಅದೂ ಮೊನ್ನೆಯ ಗಾಳಿಯದೇ?

ನನಗೆ ಬೇಕಾದದ್ದು ಒಂದೇ ಸಾಲು: ‘ಫೆರಿ ಬಂದಿತ್ತು, ಅದು ಬರುವುದಿಲ್ಲವೆಂದು ನಾವು ಹೇಳಿದ್ದೆವು.’ ಆಸ್ಪತ್ರೆಗೆ ಬರೆಯಿರಿ. ತಾರೀಖು, ಗಂಟೆ, ಹೆಸರು ಹಾಕಿ. ಫೋನಿನ ಮಾತಿಗೂ ಅವನ್ನೇ ಸೇರಿಸಿ. ಆಗದಿದ್ದರೆ ಅಪ್ಪನ ಹಲಗೆ ಹಿಂದಿರುಗಿಸಿ, ಸೀಮೆಸುಣ್ಣ ನಾನೇ ತರುತ್ತೇನೆ.

ಈಗ, ಅಂದರೆ ಅಕ್ಟೋಬರ್ ಹದಿನೇಳು, ಬೆಳಿಗ್ಗೆ ಒಂಬತ್ತೂಕಾಲು, ಲಿಯಾಂಡರ್ ಅಡುಗೆಮನೆಯ ಕಿಟಕಿಯಲ್ಲಿದ್ದಾನೆ.

“ಬೇಲಿ ಕಾಣ್ತದೆ ವಿನ್ನಿ,” ಅನ್ನುತ್ತಿದ್ದಾನೆ. “ಅದರಾಚೆ ನನ್ನ ದೋಣಿ ಇದೆಯಾ?”

ಇದೆ. ಅವನೇ ಕಟ್ಟಿದ್ದು. ಹೋದ ವಾರ ಅವನು ಕೇಳಬೇಕಾಗಿರಲಿಲ್ಲ.

ಇಂತಿ,
ಅಣ್ಣನ ಬೂಟು ಬಿಚ್ಚಿಸಿದ ತಂಗಿ,
ವಿನಿಫ್ರೆಡ್ ಪಾರ್ಡಿ
ನ್ಯೂಫೌಂಡ್‌ಲ್ಯಾಂಡ್, ಒಂಬತ್ತೂ ಇಪ್ಪತ್ತು