ಚೀಲದ ತೂಕ

1 ಫೆಬ್ರವರಿ 2006, ಸಂಜೆ 4.40

ಇವತ್ತೂ ಹನ್ನೊಂದು ಸಲ ಹಾರಿಸಿದೆ. ಸ್ಕ್ರೀನ್ ಮೇಲೆ. ಎರಡು ಸಲ ಕರೆಂಟು ಹೋಯಿತು.

ಎರಡು ಹಂತದ ರಾಕೆಟ್ಟು. ಕೆಳಗಿನ ಮೋಟಾರು ಉರಿದು ಕಳಚಿಕೊಳ್ಳಬೇಕು; ಎರಡು ಸೆಕೆಂಡ್ ಬಿಟ್ಟು ಮೇಲಿನದು ಹೊತ್ತಿಕೊಳ್ಳಬೇಕು. ಆ ಎರಡು ಸೆಕೆಂಡೇ ತಲೆನೋವು. ಗಾಳಿ ಬರುವ ಕಡೆಗೇ ಮೂತಿ ತಿರುಗಿಸುತ್ತದೆ. ಬಾಗಿದ ಮೇಲೆ ಹೊತ್ತಿದರೆ ಆಕಾಶಕ್ಕಲ್ಲ, ಯಾರದೋ ಮನೆಗೆ. ಹದಿನೈದು ಡಿಗ್ರಿ ದಾಟಬಾರದು — ನಾನೇ ಹಾಕಿದ ಗೆರೆ.

ರಾಕೆಟ್ಟು ಯಶೋಧರಾಳದು. ನಮ್ಮ ಕಾಲೇಜಿನ ಕೆಮಿಸ್ಟ್ರಿ ಲೆಕ್ಚರರ್, ನನಗಿಂತ ಹದಿನೈದು ವರ್ಷ ಚಿಕ್ಕವಳು. ಪರ್ಮಿಶನ್ನಿಗೆ ಎರಡು ವರ್ಷ ಅಲೆದಿದ್ದಾಳೆ. ಸಿಮ್ಯುಲೇಶನ್ ನನ್ನದು. ‘ಸುರಕ್ಷಿತ’ ಎಂಬ ಕಾಗದಕ್ಕೆ ಸಹಿಯೂ ನನ್ನದೇ.

6 ಫೆಬ್ರವರಿ

ಲ್ಯಾಬಿನ ತಕ್ಕಡಿ ಎರಡು ಕೆ.ಜಿ.ಗೇ ಸುಸ್ತು. ರಾಕೆಟ್ಟನ್ನು ಗೋಣಿಯಲ್ಲಿ ಸುತ್ತಿ ಅಣ್ಣನ ಕೊಬ್ಬರಿ ಮಂಡಿಗೆ ಒಯ್ದೆವು. ತೂಕದ ದೇವೀರಪ್ಪ ಗೋಣಿ ಬಿಚ್ಚಿ ಪಕ್ಕಕ್ಕಿಟ್ಟು ತೂಗಿದ. “ಆರೂ ನಾನ್ನೂರು!” ಎಂದು ಕೂಗಿದ. “ಇಷ್ಟುದ್ದ ಐತೆ, ತೂಕ್ವೇ ಇಲ್ವಲ್ರಮ್ಮಾ. ಒಳ್ಗೆ ತಿರುಳು ಹಾಕೋದ್ ಮರೆತ್ರಾ?”

ಮೂವತ್ತು ವರ್ಷದಿಂದ ತೂಗುತ್ತಿದ್ದಾನೆ. ಬರೆದುಕೊಂಡೆ: 6.4 ಕೆ.ಜಿ.

9 ಫೆಬ್ರವರಿ, ಸಂಜೆ

ಆರೂ ನಾನ್ನೂರು ಹಾಕಿ ಓಡಿಸಿದರೆ ಹನ್ನೆರಡು ಡಿಗ್ರಿ! ಗಾಳಿ ಸೆಕೆಂಡಿಗೆ ಐದು ಮೀಟರ್ ಇದ್ದರೂ ಹನ್ನೆರಡೇ.

ಯಶೋಧರಾಳ ನೋಟ್‌ಬುಕ್ಕಿನಲ್ಲಿ ಬಿಡಿಬಿಡಿ ಭಾಗಗಳ ತೂಕ ಇದೆ. ಕೂಡಿದರೆ ಏಳೂ ಮುನ್ನೂರು. ಅಂಟನ್ನು ಎರಡು ಸಲ ಬರೆದಿರಬೇಕು... ಕೇಳಲಿಲ್ಲ. ಸಹಿ ಹಾಕಿದೆ.

17 ಫೆಬ್ರವರಿ, ಮಧ್ಯಾಹ್ನ

ಅಣ್ಣನಿಗೆ ಬುತ್ತಿ ಕೊಡಲು ಮಂಡಿಗೆ ಹೋಗಿದ್ದೆ. ಕೊಬ್ಬರಿ ಚೀಲ ತೂಗುತ್ತಿದ್ದರು, ತಕ್ಕಡಿಯ ಮುಳ್ಳು ಐವತ್ತೊಂದರ ಮೇಲೆ. ದೇವೀರಪ್ಪ ಕೂಗಿದ್ದು, “ಐವತ್ತು!”

ಚೀಲಕ್ಕೆ ಒಂದು ಕೆ.ಜಿ. ಕಳೆಯುವುದು. ಇದೇ ಕೂಗು ಕೇಳುತ್ತಾ ಬೆಳೆದವಳು ನಾನು.

“ದೇವೀರಪ್ಪ, ಅವತ್ತು ರಾಕೆಟ್ಟಿಗೂ ಚೀಲ ಕಳೆದ್ಯಾ?”

“ಕಳೀದೇ ಇರ್ತೀನಾ? ಗೋಣೀಲೇ ತಂದಿದ್ರಲ್ಲ.”

“ಬಿಚ್ಚಿದ್ದೆಯಲ್ಲಪ್ಪಾ!”

“ಬಿಚ್ಚಿದ್ರೇನು, ಬಾಯಿ ಕೇಳ್ಬೇಕಲ್ಲ.” ನಕ್ಕ. ಆಮೇಲೆ ನನ್ನ ಮುಖ ನೋಡಿದ. “ತಪ್ಪಾಯ್ತಾ, ತಾಯೀ?”

ಅವನದಲ್ಲ. ಏಳೂ ಮುನ್ನೂರು ನನ್ನ ಕಣ್ಣೆದುರೇ ಇತ್ತು. ನಂಬಿದ್ದು ದೇವೀರಪ್ಪನನ್ನೋ, ನನಗೆ ಬೇಕಾಗಿದ್ದ ಹನ್ನೆರಡನ್ನೋ?

18 ಫೆಬ್ರವರಿ, ಬೆಳಿಗ್ಗೆ 11

ಏಳೂ ನಾನ್ನೂರು ಹಾಕಿದೆ. ಭಾರ ಹೆಚ್ಚಿದಷ್ಟೂ ಏರುವುದು ನಿಧಾನ, ಬಾಗುವುದು ಜಾಸ್ತಿ: ಇಪ್ಪತ್ತೊಂದು ಡಿಗ್ರಿ. ಮತ್ತೆ ಓಡಿಸಿದೆ. ಇಪ್ಪತ್ತೊಂದೇ. ಹಾರಿಸುವುದು ಬಾಣಾವರದಾಚೆಯ ಒಣಕೆರೆಯಲ್ಲಿ, ನಾಳೆ. ಈಗ ಮೂಡುಗಾಳಿಯ ಕಾಲ. ಮೂಡಲಿಗೆ, ಕೋಳಿ ಸಾಕಿಕೊಂಡಿರುವ ಗಿಡ್ಡಮ್ಮನ ಗುಡಿಸಲು ಒಂದೇ. ಮ್ಯಾಪಿನಲ್ಲಿ ಗೆರೆ ಎಳೆದೆ. ಅದರ ಮೇಲೇ ಹೋಯಿತು.

ಗಾಳಿ ಎರಡು ಮೀಟರಿನೊಳಗಿದ್ದರೆ ಹದಿನೈದು. ಮೇಲಿನದನ್ನು ಹೊತ್ತಿಸದೇ ಬರೀ ಭಾರವಾಗಿ ಕಳಿಸಿದರೆ ಅಪಾಯವಿಲ್ಲ. ಎರಡೂ ಹಂತಗಳು ಕೆರೆಯೊಳಗೇ ಪ್ಯಾರಾಚೂಟಿನಲ್ಲಿ ಇಳಿಯುತ್ತವೆ. ಅದನ್ನೂ ಓಡಿಸಿ ನೋಡಿದೆ.

ಮಧ್ಯಾಹ್ನ 3

ಯಶೋಧರಾಳಿಗೆ ಹೇಳಿದೆ. ನೋಟ್‌ಬುಕ್ ನೋಡಿಯೂ ಸಹಿ ಹಾಕಿದ್ದನ್ನೂ.

“ಒಂದೇ ಹಂತ ಹಾರಿಸೋಕೆ ಎರಡು ವರ್ಷ ಬೇಕಿತ್ತಾ, ಮೇಡಮ್?”

ಮ್ಯಾಪಿನಲ್ಲಿ ಗುಡಿಸಲ ಮೇಲೆ ಹೋದ ಗೆರೆ ತೋರಿಸಿದೆ.

“ಗಾಳಿ ಇಳಿದ್ರೆ ಎರಡೂ ಹಂತ. ಸರಿನಾ?”

“ಎರಡರೊಳಗೆ ಬಂದರೆ.”

19 ಫೆಬ್ರವರಿ, ಒಣಕೆರೆ, ಬೆಳಿಗ್ಗೆ 8.05

ಪರ್ಮಿಶನ್ ಒಂಬತ್ತರವರೆಗೆ. ಇವತ್ತು ಬಿಟ್ಟರೆ ಇಲ್ಲ. ಗಾಳಿ 3.8.

ಗಿಡ್ಡಮ್ಮನನ್ನು ಸ್ವಲ್ಪ ಹೊತ್ತು ಆಚೆ ಬನ್ನಿ ಅಂತ ಕರೆದೆ. “ಕೋಳಿ ಕಾವು ಕೂತೈತೆ ಕಣವ್ವ. ಎಬ್ಬಿಸಿದ್ರೆ ಮೊಟ್ಟೆಯೆಲ್ಲಾ ಹಾಳು. ನಿಮ್ದು ಅತ್ಲಾಗೆ ಹಾರ್ಸ್ಕಳಿ.” ಹೊಸಿಲ ಮೇಲೆ ಕೂತುಬಿಟ್ಟಳು.

8.40

2.9. ಯಶೋಧರಾ ಗಾಳಿಯ ಮೀಟರು ಹಿಡಿದು ನಿಂತಿದ್ದಾಳೆ. ಇಳಿಯುತ್ತಿದೆ... ನನಗೂ ಆಸೆ. ಬರೆಯಲು ನಾಚಿಕೆಯಾದರೂ, ಆಸೆ.

8.50

2.3. ಅಲ್ಲೇ ನಿಂತಿದೆ.

“ಪಾಯಿಂಟ್ ಮೂರು, ಮೇಡಮ್. ಪಾಯಿಂಟ್ ಮೂರು ಅಷ್ಟೇ! ನೀವೇ ಹಾಕಿದ ಗೆರೆ ತಾನೇ?”

ಹೌದು, ನಾನೇ. ಒಂದು ಕೆ.ಜಿ.ಯನ್ನೂ ಹೀಗೇ ‘ಅಷ್ಟೇ’ ಅಂತ ಬಿಟ್ಟಿದ್ದೆ.

8.57

ಮೇಲಿನ ಹಂತವನ್ನು ಹೊತ್ತಿಸುವ ವೈರು ನಾನೇ ಬಿಚ್ಚಿದೆ. ಈ ಡೈರಿಯ ಪುಟಗಳ ಮಧ್ಯೆ ಇಟ್ಟಿದ್ದೇನೆ. ಯಶೋಧರಾ ನನ್ನ ಕಡೆ ನೋಡಲಿಲ್ಲ. ಆದರೂ ಸ್ವಿಚ್ಚಿನ ಹತ್ತಿರ ಹೋಗಿ ನಿಂತಳು. ಗುಡಿಸಲ ಕಡೆಗೊಮ್ಮೆ ನೋಡಿ ಎಣಿಸತೊಡಗಿದ್ದಾಳೆ. ಗಿಡ್ಡಮ್ಮ ಹಣೆಗೆ ಕೈ ಅಡ್ಡ ಹಿಡಿದು ಆಕಾಶ ನೋಡುತ್ತಿದ್ದಾಳೆ.

ಐದು... ನಾಲ್ಕು... ಈ ಸದ್ದಿಗೆ ಕೋಳಿ ಕಾವು ಬಿಟ್ಟು ಏಳದಿದ್ದರೆ ಸಾಕು —