ಎತ್ತರದವಳು ಬಗ್ಗಿದ್ದು

ಮಾರ್ಚ್ 4, ಸೋಮವಾರ

ಮತ್ತೆ ಬೈಗುಳ. ಬೆಳಿಗ್ಗೆ ಶೆಡ್ಡಿನಲ್ಲಿ, ಬಾಕ್ಸಿಂಗ್ ಕಲಿಸುವ ಇಯಾಕೊಪೊ ಮಾವ — ನೆಟ್ಟಗೆ ನಿಲ್ಲು, ದೇವರು ಕೊಟ್ಟ ಎತ್ತರ ಯಾಕೆ ಹಾಳು ಮಾಡ್ತೀಯ ಅಂತ. ಸಂಜೆ ಮನೆಯಲ್ಲಿ ಅಜ್ಜಿ — ಬಗ್ಗು, ಹಿರಿಯರು ಚಾಪೆ ಮೇಲೆ ಕೂತಿದ್ದಾರೆ, ಕಣ್ಣು ಕಾಣಲ್ವಾ ಅಂತ. ನಾನೇನು ಕೊಡೆಯಾ, ಬೇಕಾದಾಗ ಬಿಚ್ಚಿ ಬೇಡವಾದಾಗ ಮಡಚೋಕೆ?

ಟಾರೋ ಗೆಡ್ಡೆಯ ತಟ್ಟೆ ಹಿಡಿದು, ಸೊಂಟ ಬಗ್ಗಿಸಿ, "ತುಲೌ, ತುಲೌ" ಅನ್ನುತ್ತ ಎಲ್ಲರ ಮುಂದೆ ದಾಟಿದೆ. ಅಡ್ಡ ಬರ್ತಿದ್ದೀನಿ, ಕ್ಷಮಿಸಿ ಅಂತ. ಕೂತ ಹಿರಿಯರ ಮುಂದೆ ನೆಟ್ಟಗೆ ದಾಟಬಾರದು — ನಮ್ಮ ದ್ವೀಪದಲ್ಲಿ ನಡೆಯೋಕೆ ಕಲಿತಾಗಿನಿಂದ ಇದೇ ಪಾಠ.

ಮಾರ್ಚ್ 12

ಶೆಡ್ಡಿನ ಅಭ್ಯಾಸದಲ್ಲಿ ಟಿಲೋಮಾಯಿ ಇವತ್ತೂ ನನ್ನ ಕೈಗಳ ಒಳಗೆ ನುಗ್ಗಿದಳು. ತೂಕ ಇಬ್ಬರದೂ ಒಂದೇ. ಅವಳ ತಲೆ ನನ್ನ ಗಲ್ಲಕ್ಕೆ ಬರುತ್ತೆ, ಅಷ್ಟೇ. ದೂರ ಇಟ್ಟರೆ ನನ್ನ ಎಡಗೈಯೊಂದೇ ಸಾಕು. ಹತ್ತಿರ ಬಂದಳೋ, ಈ ಉದ್ದ ಕೈ ಬೀಸೋಕೇ ಜಾಗವಿಲ್ಲ. ಇದು ಯಾರಿಗೆ ಅರ್ಥವಾಗುತ್ತೆ? "ಇಷ್ಟುದ್ದ ಇದ್ದೂ ಆ ಗಿಡ್ಡಿ ಹತ್ರ ಏಟು ತಿಂತೀಯಲ್ಲೇ" — ಶೆಡ್ಡಿನವರದ್ದೆಲ್ಲ ಒಂದೇ ರಾಗ.

23ಕ್ಕೆ ಆಯ್ಕೆ ಪಂದ್ಯ. ಗೆದ್ದವಳು ದ್ವೀಪಗಳ ಕ್ರೀಡಾಕೂಟಕ್ಕೆ. ಸೋತವಳು ಮನೆಗೆ.

ಮಾರ್ಚ್ 23, ಶನಿವಾರ

ಸೋತೆ.

ಮೊದಲ ಸುತ್ತು ನನ್ನದೇ. ಅವಳನ್ನು ಹತ್ತಿರ ಸೇರಿಸಲೇ ಇಲ್ಲ. ಎರಡನೆಯದರಲ್ಲಿ ತಳ್ಳಿಕೊಂಡು ಹಗ್ಗದವರೆಗೆ ತಂದಳು. ಹಗ್ಗದಾಚೆ ಮೊದಲ ಸಾಲಿನಲ್ಲಿ ಊರಿನ ಮುಖಂಡರು, ಪಾದ್ರಿ, ಅಜ್ಜಿ. ಅವರಿಗೆ ಅಡ್ಡ ನಿಂತಿದ್ದೆ. ಬೆನ್ನು ತಾನಾಗಿ ಬಗ್ಗಿತು. ಬಾಯಲ್ಲಿ ಹಲ್ಲಿನ ಗಾರ್ಡ್ ಇದ್ದೂ "ತುಲೌ" ಅಂದೆ.

ಕೆಳಗಿನಿಂದ ಬಂತು ಏಟು. ಎದ್ದಾಗ ರೆಫರಿ ಎಣಿಸುತ್ತಿದ್ದ. ಜನ ನಗುತ್ತಿದ್ದರು. ಆಮೇಲೆ ಆಡಿದ್ದು ನೆನಪಿಲ್ಲ. ಥೂ.

ಮಾರ್ಚ್ 24, ಭಾನುವಾರ

ಚರ್ಚಿನಲ್ಲಿ ಪಾದ್ರಿ ನನ್ನ ಹೆಸರೆತ್ತಿದರು. ಏಟು ಬೀಳುವಾಗಲೂ ಹಿರಿಯರನ್ನು ಮರೆಯದ ಮಗಳು ಅಂತ. ಎಲ್ಲರೂ ತಿರುಗಿ ನೋಡಿದರು. ಅಜ್ಜಿ ಹೆಮ್ಮೆಯಿಂದ ಕಣ್ಣೊರೆಸಿಕೊಂಡರು. ಎದ್ದು ಹೋಗಿಬಿಡಬೇಕು ಅನ್ನಿಸಿತು. ಹೋಗಬೇಕೆಂದರೂ ಅವರೆಲ್ಲರ ಮುಂದೆ ಬಗ್ಗಿಯೇ ಹೋಗಬೇಕಿತ್ತು.

ಏಪ್ರಿಲ್ 8

ಮಾವ ಬಂದ. ಕ್ರೀಡಾಕೂಟದಲ್ಲಿ ಟಿಲೋ ಎದುರು ಬರುವವರೆಲ್ಲ ಉದ್ದನೆಯವರಂತೆ. ಅಭ್ಯಾಸಕ್ಕೆ ಎತ್ತರದವಳು ಬೇಕಂತೆ. ನನ್ನ ಕೈಯುದ್ದ ಈಗ ಅವಳ ಉಪಯೋಗಕ್ಕೆ! ಆಗಲ್ಲ ಅಂದೆ. ಅಜ್ಜಿ ಹೂಂ ಅಂದುಬಿಟ್ಟರು.

ಏಪ್ರಿಲ್ 9, ಮಧ್ಯಾಹ್ನ

ಹೋದೆ. ನೆಟ್ಟಗೆ ನಿಂತೆ. ಒಂದು ಏಟೂ ಒಳಗೆ ಬರಲಿಲ್ಲ ಅವಳದು. ನೀರು ಕುಡಿಯುವಾಗ ಟಿಲೋ ಮೆಲ್ಲಗೆ ಅಂದಳು — "ಬೇಜಾರಾಗ್ಬೇಡ ಲುಪೆ. ಅವತ್ತು ಆ ಕಡೆಗೆ ನಿನ್ನ ಬೇಕಂತಲೇ ತಳ್ಕೊಂಡು ಹೋಗಿದ್ದು. ಯಾರು ಕೂತಿದ್ದಾರೆ ಅಂತ ನೋಡ್ಕೊಂಡಿದ್ದೆ. ನೀನು ಬಗ್ಗೇ ಬಗ್ತೀಯ ಅಂತ ಗೊತ್ತಿತ್ತು. ನಾನೂ ಅದೇ ಥರ ಬೆಳೆದೋಳಲ್ವಾ."

ನಕ್ಕಳು ಕೂಡ. ನಾನು ನಗಲಿಲ್ಲ. ಮತ್ತೆ ರಿಂಗಿಗೆ ಇಳಿದೆವು. ಎಡಗೈ ಎರಡು ಸಲ. ಆಮೇಲೆ ಬಲಗೈ, ಭುಜದಿಂದ, ಇದ್ದಷ್ಟೂ ಉದ್ದ. ಮಾವ ಸಾಕು ಅಂದದ್ದು ಕೇಳಿಸಿತು. ಕೇಳಿಸಿದ ಮೇಲೂ ಇನ್ನೊಂದು ಹೊಡೆದೆ.

ಅದೇ ದಿನ, ಸಂಜೆ

ಮೂಗಿನ ಮೂಳೆ ಮುರಿದಿದೆಯಂತೆ. ಟಿಲೋ ಕ್ರೀಡಾಕೂಟಕ್ಕೆ ಹೋಗುವ ಹಾಗಿಲ್ಲ. ಮಾವ ಬಾಗಿಲಲ್ಲೇ ನಿಂತಿದ್ದಾನೆ, ನನ್ನ ಮುಖ ನೋಡುತ್ತಿಲ್ಲ. ಅವಳ ಬದಲಿಗೆ ತಂಡದವರು ಪಾಸ್‌ಪೋರ್ಟ್ ಕೇಳಿದ್ದಾರೆ, ನಿಂದು, ಕೊಡ್ತೀಯಾ ಇಲ್ವಾ, ಬೇಗ ಹೇಳು ಅಂತ. ಕಪಾಟಿನಲ್ಲೇ ಇದೆ. ಎದ್ದರೆ ನೆಟ್ಟಗೆ ನಿಲ್ಲಬೇಕೋ ಬಗ್ಗಬೇಕೋ ಗೊತ್ತಾಗದೆ ನಾನು ಇನ್ನೂ ಬರೀತಾನೇ ಕೂತಿದ್ದೀನಿ.